ಕಿವಿಹಿಂಬದಿಯ ಶ್ರವಣ ಸಾಧನ: ಬಳಕೆ ಮತ್ತು ಆರೈಕೆ

ಹೊರಕಿವಿಯ ಹಿಂದೆ ಕೂತು, ಸುತ್ತಲಿನ ಶಬ್ದವನ್ನು ಹಿಡಿದು, ಧರಿಸಿದವರ ಶ್ರವಣಶಕ್ತಿಗೆ ತಕ್ಕಷ್ಟು ಹೆಚ್ಚಿಸಿ, ತೆಳುವಾದ ಕೊಳವೆಯ ಮೂಲಕ ಕಿವಿಯೊಳಕ್ಕೆ ಕಳಿಸುವ ವಿದ್ಯುನ್ಮಾನ ಉಪಕರಣ. ಜನರ ಬಾಯಲ್ಲಿ ಇದು ‘ಕಿವಿ ಮಷೀನು’; ಆಸ್ಪತ್ರೆಯ ಚೀಟಿಯಲ್ಲಿ ‘ಬಿಟಿಇ’. ಕಿವಿಯೊಳಗೇ ಅಡಗುವ ಪುಟ್ಟ ಮಾದರಿಗಳೂ ಮೊಬೈಲ್ ಫೋನಿನ ಜೊತೆ ಕೆಲಸ ಮಾಡುವ ದುಬಾರಿ ಮಾದರಿಗಳೂ ಬಂದಿವೆ. ಆದರೂ ಭಾರತದಲ್ಲಿ ಸರ್ಕಾರದ ನೆರವಿನಿಂದ ದೊರೆಯುವುದು, ಸಾಧಾರಣ ವರಮಾನದ ಮನೆಗಳು ಕೊಳ್ಳುವುದು ಹೆಚ್ಚಾಗಿ ಕಿವಿಹಿಂಬದಿಯ ಮಾದರಿಯನ್ನೇ. ಅಲ್ಪ ಶ್ರವಣದೋಷದಿಂದ ತೀವ್ರ ದೋಷದವರೆಗೆ ಇದು ಹೊಂದುತ್ತದೆ. ಗಾತ್ರ ತುಸು ದೊಡ್ಡದಾದ್ದರಿಂದ ನಡುಗುವ ಬೆರಳುಗಳಿಗೂ ಹಿಡಿಯಲು ಸಿಗುತ್ತದೆ. ಕೊಳವೆ, ಕೊಕ್ಕೆ, ಅಚ್ಚು ಕೆಟ್ಟರೆ ಆ ಭಾಗವನ್ನಷ್ಟೇ ಬದಲಿಸಿದರೆ ಸಾಕು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಶ್ರವಣ ಕುರಿತ ಜಾಗತಿಕ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷವಿದೆ. ಅವರಲ್ಲಿ ಸುಮಾರು 43 ಕೋಟಿ ಜನರಿಗೆ ಚಿಕಿತ್ಸೆ ಅಥವಾ ಸಾಧನದ ನೆರವು ಬೇಕೇಬೇಕು. ಸಾಧನ ಸಿಗದೆ ಹೋಗುವುದು ಇಲ್ಲಿನ ದೊಡ್ಡ ಕೊರತೆ. ಸಿಕ್ಕ ಸಾಧನ ಬೀರುವಿನಲ್ಲಿ ಉಳಿಯುವುದು ಅದಕ್ಕಿಂತ ಕಡಿಮೆ ಚರ್ಚೆಯಾಗುವ ಇನ್ನೊಂದು ಕೊರತೆ. ಶಿಳ್ಳೆ ಹೊಡೆಯುತ್ತದೆ, ಕಿವಿ ನೋಯುತ್ತದೆ, ಗದ್ದಲವಷ್ಟೇ ಕೇಳುತ್ತದೆ, ಸೆಲ್ಲು ಮುಗಿದಿದೆ ಎಂಬ ಕಾರಣಗಳಿಗೆ ತೆಗೆದಿಟ್ಟ ಯಂತ್ರಗಳಲ್ಲಿ ಬಹುಪಾಲು ಕೆಟ್ಟವಲ್ಲ. ಸರಿಯಾಗಿ ಕೂರಿಸದ, ಒಣಗಿಸದ, ಹೊಂದಿಸದ ಯಂತ್ರಗಳು ಅವು. ಆದ್ದರಿಂದ ಈ ಲೇಖನದಲ್ಲಿ ಕೊಳ್ಳುವ ವಿಚಾರಕ್ಕಿಂತ ಕೊಂಡ ಮೇಲಿನ ವಿಚಾರಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಬೆಳೆದು ಬಂದ ಬಗೆ

ವಿದ್ಯುತ್ತು ಬರುವ ಮೊದಲು ಕಹಳೆಯಾಕಾರದ ಕೊಳವೆಗಳನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಟೆಲಿಫೋನಿನ ಕಾರ್ಬನ್ ಮೈಕ್ರೊಫೋನ್ ತತ್ತ್ವವನ್ನು ಬಳಸಿ ವಿದ್ಯುತ್ ಶ್ರವಣ ಸಾಧನವನ್ನು ರೂಪಿಸಿದ. ನಿರ್ವಾತ ಕೊಳವೆಗಳ ಕಾಲದ ಯಂತ್ರಗಳಿಗೆ ದೊಡ್ಡ ಬ್ಯಾಟರಿಗಳನ್ನು ಹೊರಬೇಕಿತ್ತು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, ಐದೇ ವರ್ಷದಲ್ಲಿ ಶ್ರವಣ ಸಾಧನದೊಳಕ್ಕೆ ಬಂತು. ಜನಸಾಮಾನ್ಯರು ಕೊಂಡು ಬಳಸಿದ ಮೊದಮೊದಲ ಟ್ರಾನ್ಸಿಸ್ಟರ್ ವಸ್ತುಗಳಲ್ಲಿ ಇದೂ ಒಂದು. 1950ರ ದಶಕದಲ್ಲೇ ಯಂತ್ರ ಕಿವಿಯ ಹಿಂದೆ ಕೂರುವಷ್ಟು ಚಿಕ್ಕದಾಯಿತು. ಶಬ್ದವನ್ನು ಅಂಕಿಗಳಾಗಿಸಿ ಸಂಸ್ಕರಿಸುವ ಪೂರ್ಣ ಡಿಜಿಟಲ್ ಸಾಧನಗಳು 1990ರ ದಶಕದ ನಡುವೆ ಡೆನ್ಮಾರ್ಕಿನ ಕಂಪನಿಗಳಿಂದ ಬಂದವು. ಅಂದು ಅತಿ ದುಬಾರಿಯಾಗಿದ್ದ ಆ ತಂತ್ರ ಇಂದು ಅಗ್ಗದ ಯಂತ್ರದಲ್ಲೂ ಇದೆ.

ಭಾರತದಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದುದು ಜೇಬಿನ ಮಾದರಿ: ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣಕ್ಕಿಂತ ದೊಡ್ಡ ಪೆಟ್ಟಿಗೆ, ಅದರಿಂದ ಕಿವಿಗೆ ಒಂದು ವೈರು. ವೈರು ಪದೇಪದೇ ತುಂಡಾಗುತ್ತಿತ್ತು, ಬಟ್ಟೆಯ ಸರಸರ ಸದ್ದು ಮಾತಿಗಿಂತ ಜೋರಾಗಿ ಕೇಳುತ್ತಿತ್ತು. ಮೈಕ್ರೊಫೋನು ಎದೆಯಿಂದ ಕಿವಿಗೆ ಏರಿದ್ದೇ ಈ ಎರಡೂ ತೊಂದರೆ ತಪ್ಪಿದವು.

ಒಳಗೆ ಏನಿದೆ

ಮೇಲ್ಭಾಗದ ಸಣ್ಣ ರಂಧ್ರಗಳ ಹಿಂದೆ ಮೈಕ್ರೊಫೋನು, ನಡುವೆ ಶಬ್ದವನ್ನು ಸಂಸ್ಕರಿಸಿ ವರ್ಧಿಸುವ ಚಿಪ್ಪು, ಅದನ್ನು ಮರಳಿ ಶಬ್ದವಾಗಿಸುವ ರಿಸೀವರ್ ಎಂಬ ಪುಟ್ಟ ಸ್ಪೀಕರು, ಕೆಳತುದಿಯಲ್ಲಿ ಸೆಲ್ಲಿನ ಬಾಗಿಲು. ರಿಸೀವರಿನಿಂದ ಹೊರಟ ಶಬ್ದ ಕಿವಿಯ ಮೇಲೆ ಬಾಗಿ ಕೂರುವ ಕೊಕ್ಕೆಯನ್ನೂ ಮೆತ್ತನೆಯ ಪಾರದರ್ಶಕ ಕೊಳವೆಯನ್ನೂ ಹಾದು, ಕಿವಿಗೆ ತುಂಬುವ ಅಚ್ಚಿನ ಮೂಲಕ ಕಿವಿಯ ತಮಟೆಯನ್ನು ಮುಟ್ಟುತ್ತದೆ. ಈ ಅಚ್ಚನ್ನು ಎಲ್ಲರೂ ‘ಮೋಲ್ಡ್’ ಎಂದೇ ಕರೆಯುತ್ತಾರೆ. ಕೆಲವು ಮಾದರಿಗಳಲ್ಲಿ ಶಬ್ದ ಏರಿಳಿಸುವ ಗಾಲಿ ಅಥವಾ ಗುಂಡಿಯಿರುತ್ತದೆ. ಹಳೆಯ ವಿನ್ಯಾಸಗಳಲ್ಲಿ ಎಂ, ಟಿ, ಒ ಎಂಬ ಮೂರು ನಿಲುಗಡೆಯ ಸ್ವಿಚ್ಚೂ ಇರುತ್ತದೆ. ಎಂ ಎಂದರೆ ಮೈಕ್ರೊಫೋನು, ಟಿ ಎಂದರೆ ಕಾಂತಕ್ಷೇತ್ರದಿಂದ ಶಬ್ದ ಹಿಡಿಯುವ ಟೆಲಿಕಾಯಿಲ್, ಒ ಎಂದರೆ ಬಂದ್. ಸ್ವಿಚ್ಚು ತಿಳಿಯದೆ ಟಿ ಕಡೆಗೆ ಸರಿದು ಮಾತು ಕೇಳದಂತಾದಾಗ ಯಂತ್ರ ಕೆಟ್ಟಿತೆಂದು ಊರಿಂದ ಪೇಟೆಗೆ ಹೊತ್ತು ತರುವುದುಂಟು.

ಕೇಳಿಸುತ್ತದೆ, ಅರ್ಥವಾಗುವುದಿಲ್ಲ

ವಯಸ್ಸಾದವರ ದೂರು ಹೆಚ್ಚಾಗಿ ಹೀಗೇ ಇರುತ್ತದೆ. ಮುಪ್ಪಿನಲ್ಲಿ ಒಳಕಿವಿಯ ರೋಮಕೋಶಗಳು ಸವೆಯುವಾಗ ಮೊದಲು ಕಳೆದುಹೋಗುವುದು ಕೀಚಲು ಸ್ವರದ, ಅಂದರೆ ಹೆಚ್ಚಿನ ಆವರ್ತದ ಶಬ್ದಗಳು. ಅಕಾರ, ಉಕಾರಗಳಂಥ ಸ್ವರಗಳ ಬಲ ಕೆಳಗಿನ ಆವರ್ತಗಳಲ್ಲಿದೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಮೇಲಿನ ಆವರ್ತಗಳಲ್ಲಿದೆ. ಹಾಲು, ಸಾಲು, ಕಾಲು, ಪಾಲು ಎಂಬ ನಾಲ್ಕು ಪದಗಳನ್ನು ಹೇಳಿದರೆ ಇಂಥ ಕಿವಿಗೆ ನಾಲ್ಕೂ ‘ಆಲು’ ಎಂದೇ ಕೇಳಿಸಬಹುದು. ಮಾತು ನಡೆದಿದೆ ಎಂದು ತಿಳಿಯುತ್ತದೆ, ಯಾವ ಮಾತು ಎಂದು ತಿಳಿಯುವುದಿಲ್ಲ. ಮನೆಯವರು ‘ಬೇಕಾದ್ದು ಮಾತ್ರ ಕೇಳಿಸುತ್ತೆ’ ಎಂದು ಆಡಿಕೊಳ್ಳುವುದು ಈ ಅರೆಗೇಳುವಿಕೆಯನ್ನೇ. ಆ ಮಾತು ಅನ್ಯಾಯದ್ದು.

ಒಳಕಿವಿಯ ದೋಷಕ್ಕೆ ಇನ್ನೊಂದು ಗುಣವಿದೆ. ಮೆಲ್ಲನೆಯ ಶಬ್ದ ಕೇಳಿಸದಿದ್ದರೂ ಜೋರು ಶಬ್ದ ಆರೋಗ್ಯವಂತರಿಗೆ ಎಷ್ಟು ಹಿಂಸೆಯೋ ಅಷ್ಟೇ ಹಿಂಸೆಯಾಗುತ್ತದೆ. ಹೀಗಾಗಿ ಎಲ್ಲ ಶಬ್ದವನ್ನೂ ಒಂದೇ ಸಮನೆ ಹೆಚ್ಚಿಸುವ ಯಂತ್ರದಿಂದ ಉಪಯೋಗವಿಲ್ಲ. ಮೆಲುಮಾತನ್ನು ಹೆಚ್ಚು, ಜೋರು ಸದ್ದನ್ನು ಕಡಿಮೆ, ಕೀಚಲು ಆವರ್ತಗಳನ್ನು ಒಂದು ಅಳತೆಯಲ್ಲಿ, ಗಡಸು ಆವರ್ತಗಳನ್ನು ಇನ್ನೊಂದು ಅಳತೆಯಲ್ಲಿ ವರ್ಧಿಸಬೇಕು. ಡಿಜಿಟಲ್ ಸಾಧನದ ‘ಚಾನೆಲ್’ಗಳು ಈ ಬೇರೆಬೇರೆ ಆವರ್ತಪಟ್ಟಿಗಳೇ. ಆನ್‌ಲೈನ್ ಮಳಿಗೆಗಳಲ್ಲಿ ನೂರರ ಲೆಕ್ಕದ ಬೆಲೆಗೆ ದೊರೆಯುವ, ನೋಡಲು ಶ್ರವಣ ಸಾಧನದಂತೆಯೇ ಇರುವ ಧ್ವನಿವರ್ಧಕಗಳಲ್ಲಿ ಈ ಹೊಂದಾಣಿಕೆ ಇರುವುದಿಲ್ಲ. ಗರಿಷ್ಠ ಶಬ್ದಕ್ಕೆ ಕಿವಿಗೆ ತಕ್ಕ ಮಿತಿಯನ್ನೂ ಯಾರೂ ಇಟ್ಟಿರುವುದಿಲ್ಲ. ಉಳಿದ ಶ್ರವಣಕ್ಕೂ ಇವು ಕುತ್ತು ತರಬಹುದು.

ಪರೀಕ್ಷೆ ಮತ್ತು ಆಯ್ಕೆ

ಮೊದಲ ಹೆಜ್ಜೆ ಕಿವಿ, ಮೂಗು, ಗಂಟಲು ತಜ್ಞರದು. ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿದ್ದರೆ ತೆಗೆದ ಕೂಡಲೇ ಕೇಳಿಸುವುದೂ ಉಂಟು. ತಮಟೆ ತೂತಾಗಿ ಕಿವಿ ಸೋರುತ್ತಿದ್ದರೆ ಚಿಕಿತ್ಸೆ ಮೊದಲು, ಯಂತ್ರ ಆಮೇಲೆ. ಸೋರುವ ಕಿವಿಗೆ ಮೋಲ್ಡ್ ತುಂಬಿದರೆ ಸೋಂಕು ಹೆಚ್ಚುತ್ತದೆ. ಒಂದೆರಡು ದಿನದಲ್ಲಿ ಹಠಾತ್ತನೆ ಒಂದು ಕಿವಿ ಮಂದವಾಯಿತೆಂದರೆ ಅದು ತುರ್ತು ಸ್ಥಿತಿ. ಬೇಗ ಚಿಕಿತ್ಸೆ ದೊರೆತರೆ ಶ್ರವಣ ಮರಳುವ ಸಾಧ್ಯತೆ ಹೆಚ್ಚು. ಹಬ್ಬ ಮುಗಿಯಲಿ ಎಂದು ಕಾಯುವ ವಿಷಯವಲ್ಲ. ತಲೆಸುತ್ತು, ಒಂದೇ ಕಿವಿಯ ಮೊರೆತ, ನೋವು ಇವು ಸಹ ವೈದ್ಯರನ್ನು ಕೇಳಲೇಬೇಕಾದ ಲಕ್ಷಣಗಳು.

ಬಳಿಕ ಶ್ರವಣತಜ್ಞರು, ಅಂದರೆ ಆಡಿಯಾಲಜಿಸ್ಟ್, ಶಬ್ದ ಹೊಗದ ಕೋಣೆಯಲ್ಲಿ ಕೂರಿಸಿ ಪ್ರತಿ ಕಿವಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತಾರೆ. 250ರಿಂದ 8000 ಹರ್ಟ್ಸ್‌ವರೆಗಿನ ಒಂದೊಂದು ಆವರ್ತದಲ್ಲಿ ಎಷ್ಟು ಮೆಲ್ಲನೆಯ ಶಬ್ದ ಕೇಳಿಸುತ್ತದೆಂದು ಗುರುತಿಸಿದ ನಕ್ಷೆಯೇ ಆಡಿಯೋಗ್ರಾಂ. ಅದರಲ್ಲಿ ಬಲಗಿವಿ ಕೆಂಪು ಸೊನ್ನೆ, ಎಡಗಿವಿ ನೀಲಿ ಗುಣಾಕಾರ ಚಿಹ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ವರ್ಗೀಕರಣದಲ್ಲಿ 20ರಿಂದ 35 ಡೆಸಿಬಲ್ ಅಲ್ಪ, 35ರಿಂದ 50 ಮಧ್ಯಮ, 50ರಿಂದ 65 ಮಧ್ಯಮ-ತೀವ್ರ, 65ರಿಂದ 80 ತೀವ್ರ, ಅದರಾಚೆ ಅತಿತೀವ್ರ ದೋಷ. ಈ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಅದಿಲ್ಲದೆ ಯಂತ್ರವನ್ನು ಹೊಂದಿಸುವುದು ಅಳತೆ ತೆಗೆಯದೆ ಅಂಗಿ ಹೊಲಿದಂತೆ.

ಅಗ್ಗದ ಮಾದರಿಗಳಲ್ಲಿ ಎರಡು ಬಗೆ. ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿ ಸರಿಪಡಿಸುವ ಟ್ರಿಮ್ಮರ್ ಬಗೆ ಒಂದು. ಕಂಪ್ಯೂಟರಿಗೆ ಜೋಡಿಸಿ ಆಡಿಯೋಗ್ರಾಂಗೆ ತಕ್ಕಂತೆ ಪ್ರೋಗ್ರಾಂ ಮಾಡುವ ಬಗೆ ಇನ್ನೊಂದು. ಕೈಯಲ್ಲಿರುವ ಹಣಕ್ಕೆ ಎರಡೂ ಎಟುಕಿದರೆ ಎರಡನೆಯದನ್ನೇ ಆರಿಸಬೇಕು. ವರ್ಷಗಳು ಕಳೆದಂತೆ ಶ್ರವಣ ಬದಲಾದರೆ ಅದೇ ಯಂತ್ರವನ್ನು ಮತ್ತೆ ಹೊಂದಿಸಬಹುದು. ಚಾನೆಲ್‌ಗಳ ಸಂಖ್ಯೆ ಹೇಳಿ ಬೆಲೆ ಏರಿಸುವ ಮಾರಾಟದ ಮಾತಿಗೆ ಮರುಳಾಗಬೇಕಿಲ್ಲ. ನಾಲ್ಕು ಚಾನೆಲ್‌ಗಳ ಯಂತ್ರವನ್ನು ಶ್ರದ್ಧೆಯಿಂದ ಹೊಂದಿಸಿ, ತಿಂಗಳ ಬಳಿಕ ಕರೆಸಿ ಮತ್ತೆ ತಿದ್ದುವವರು ಹತ್ತಿರದಲ್ಲಿದ್ದರೆ, ದೂರದ ನಗರದಲ್ಲಿ ಕೊಂಡು ತಂದ ಹದಿನಾರು ಚಾನೆಲ್‌ಗಳ ಯಂತ್ರಕ್ಕಿಂತ ಅದೇ ಉತ್ತಮ. ಹೊಂದಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಸಾಧನ ಬೇಕು. ಶಬ್ದ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಕ್ಕೆ, ಗದ್ದಲದಲ್ಲಿ ಮಾತನ್ನು ಹೆಕ್ಕುವುದಕ್ಕೆ ಮಿದುಳಿಗೆ ಎರಡೂ ಕಿವಿಯ ಸುದ್ದಿ ಬೇಕಾಗುತ್ತದೆ. ಹಣ ಒಂದಕ್ಕಷ್ಟೇ ಸಾಲುವುದಾದರೆ ಹೆಚ್ಚು ಕೆಟ್ಟ ಕಿವಿಗೇ ಹಾಕಬೇಕೆಂಬ ಊಹೆ ಸಾಮಾನ್ಯ. ಹಲವರಿಗೆ ಮಾತು ಹೆಚ್ಚು ಸ್ಪಷ್ಟವಾಗಿ ತಿಳಿಯುವ ಕಿವಿಗೆ ಹಾಕಿದರೇ ಲಾಭ. ಮಾತಿನ ಪರೀಕ್ಷೆ ಮಾಡಿದ ಶ್ರವಣತಜ್ಞರೇ ಇದನ್ನು ಹೇಳಬೇಕು.

ಮೋಲ್ಡ್

ಯಂತ್ರದ ಬೆಲೆ ಕೇಳುವವರು ಮೋಲ್ಡ್ ಬಗ್ಗೆ ಕೇಳುವುದಿಲ್ಲ. ಆದರೆ ಯಂತ್ರ ಕೆಲಸ ಮಾಡುವುದು ಅರ್ಧದಷ್ಟು ಅದರಿಂದಲೇ. ಪೆಟ್ಟಿಗೆಯ ಜೊತೆ ಬರುವ ಅಣಬೆಯಾಕಾರದ ಸಿದ್ಧ ರಬ್ಬರ್ ತುದಿಗಳು ಅಲ್ಪ ದೋಷಕ್ಕೆ, ತಾತ್ಕಾಲಿಕ ಬಳಕೆಗೆ ಸಾಕು. ದೋಷ ಹೆಚ್ಚಿದಷ್ಟೂ ವರ್ಧನೆ ಹೆಚ್ಚಬೇಕು. ವರ್ಧಿಸಿದ ಶಬ್ದ ಸಂದಿನಿಂದ ಸೋರಿ ಮೈಕ್ರೊಫೋನಿಗೆ ಮರಳಿದರೆ ಅದನ್ನೇ ಯಂತ್ರ ಮತ್ತೆ ವರ್ಧಿಸುತ್ತದೆ. ಆಗ ಹುಟ್ಟುವುದೇ ಆ ಕುಯ್ ಎನ್ನುವ ಶಿಳ್ಳೆ. ಶಿಳ್ಳೆ ತಡೆಯಲೆಂದು ಶಬ್ದ ತಗ್ಗಿಸುತ್ತಾರೆ, ತಗ್ಗಿಸಿದರೆ ಮಾತು ಕೇಳುವುದಿಲ್ಲ, ಕೊನೆಗೆ ಯಂತ್ರವನ್ನೇ ತೆಗೆದಿಡುತ್ತಾರೆ. ಈ ಸರಣಿಯ ಮೊದಲ ಕೊಂಡಿ ಹೊಂದದ ಮೋಲ್ಡ್.

ಸರಿಯಾದ ಮೋಲ್ಡ್ ಮಾಡಲು ಕಿವಿಯ ನಾಳದೊಳಗೆ ದಾರ ಕಟ್ಟಿದ ಹತ್ತಿಯ ಅಥವಾ ಸ್ಪಂಜಿನ ಚಿಕ್ಕ ತಡೆಯನ್ನಿಟ್ಟು, ಮೆತ್ತನೆಯ ಸಿಲಿಕೋನ್ ತುಂಬಿ, ಕೆಲವು ನಿಮಿಷ ಬಿಟ್ಟು ಪಡಿಯಚ್ಚು ತೆಗೆಯುತ್ತಾರೆ. ನೋವಾಗುವುದಿಲ್ಲ. ಅದರಿಂದ ಗಟ್ಟಿ ಅಕ್ರಿಲಿಕ್ ಇಲ್ಲವೇ ಮೆತ್ತನೆಯ ಸಿಲಿಕೋನ್ ಮೋಲ್ಡ್ ತಯಾರಾಗುತ್ತದೆ. ಅಕ್ರಿಲಿಕ್ ಬಾಳಿಕೆ ಹೆಚ್ಚು, ಬೆರಳಿಗೆ ಹಿಡಿತ ಸಿಗುವುದರಿಂದ ವೃದ್ಧರು ಸುಲಭವಾಗಿ ಹಾಕಿಕೊಳ್ಳುತ್ತಾರೆ. ಮಕ್ಕಳಿಗೂ ತೀವ್ರ ದೋಷದವರಿಗೂ ಸಿಲಿಕೋನ್ ಹಿತ. ಅಲ್ಪ ಮತ್ತು ಮಧ್ಯಮ ದೋಷದಲ್ಲಿ ಮೋಲ್ಡಿನಲ್ಲಿ ಗಾಳಿಯಾಡಲು ಸಣ್ಣ ರಂಧ್ರ ಕೊರೆಯುತ್ತಾರೆ. ಇಲ್ಲದಿದ್ದರೆ ಸ್ವಂತ ದನಿ ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತದೆ. ಹೊಸ ಮೋಲ್ಡ್ ಚರ್ಮವನ್ನು ಒತ್ತಿ ಕೆಂಪಾಗಿಸಿದರೆ ಸಹಿಸಿಕೊಂಡು ಕೂರಬಾರದು, ಮನೆಯಲ್ಲಿ ಮರಳುಕಾಗದದಿಂದ ಉಜ್ಜಲೂಬಾರದು. ಮಾಡಿದವರೇ ಉಜ್ಜಿ ಸರಿಪಡಿಸುತ್ತಾರೆ.

ಧರಿಸುವ ಕ್ರಮ

ಎರಡು ಯಂತ್ರಗಳಿದ್ದರೆ ಕೆಂಪು ಗುರುತಿನದು ಬಲಕ್ಕೆ, ನೀಲಿಯದು ಎಡಕ್ಕೆ. ಸೆಲ್ಲಿನ ಬಾಗಿಲು ತೆರೆದಿರುವಾಗಲೇ ಅಥವಾ ಶಬ್ದ ತಗ್ಗಿಸಿ ಹಾಕಿಕೊಳ್ಳುವುದು ವಾಸಿ. ಮೋಲ್ಡಿನ ನಾಳದ ಭಾಗವನ್ನು ಕಿವಿಗೆ ತೂರಿಸಿ, ಇನ್ನೊಂದು ಕೈಯಿಂದ ಹೊರಕಿವಿಯನ್ನು ಹಿಂದಕ್ಕೂ ಮೇಲಕ್ಕೂ ತುಸು ಎಳೆದು, ಮೋಲ್ಡನ್ನು ಹಿಂದಕ್ಕೆ ತಿರುಗಿಸಿದಂತೆ ಒತ್ತಿದರೆ ಅದು ತನ್ನ ಜಾಗದಲ್ಲಿ ಕೂರುತ್ತದೆ. ಅದರ ಮೇಲಂಚು ಹೊರಕಿವಿಯ ಮಡಿಕೆಯೊಳಗೆ ಸೇರಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಹೊಸಬರ ಶಿಳ್ಳೆಗೆ ಈ ಅಂಚು ಹೊರಗುಳಿಯುವುದೇ ಬಹಳ ಸಲ ಕಾರಣ. ಆಮೇಲೆ ಯಂತ್ರವನ್ನು ಕಿವಿಯ ಮೇಲಿಂದ ಹಿಂದಕ್ಕೆ ಇಳಿಬಿಟ್ಟು, ಚಾಲೂ ಮಾಡಿ, ಶಬ್ದ ನಿಧಾನವಾಗಿ ಏರಿಸಬೇಕು. ಕೊಳವೆ ತಿರುಚಿರಬಾರದು. ತೆಗೆಯುವಾಗ ಮೋಲ್ಡನ್ನು ಹಿಡಿದು ಎಳೆಯಬೇಕು. ಕೊಳವೆಯನ್ನೋ ಯಂತ್ರವನ್ನೋ ಹಿಡಿದೆಳೆದರೆ ಕೊಳವೆ ಕಿತ್ತುಬರುತ್ತದೆ.

ಕನ್ನಡಕದ ಕಡ್ಡಿ ಚರ್ಮಕ್ಕೆ ತಾಗಿ, ಅದರ ಪಕ್ಕದಲ್ಲಿ ಯಂತ್ರ ಬರಲಿ. ಮುಖಗವಸಿನ ದಾರ ತೆಗೆಯುವಾಗ ಯಂತ್ರ ಸಿಕ್ಕಿಕೊಂಡು ಎಲ್ಲೋ ಬಿದ್ದುಹೋಗುತ್ತದೆ; ಕೋವಿಡ್ ಕಾಲದಲ್ಲಿ ಹೀಗೆ ಕಳೆದುಕೊಂಡವರು ಎಷ್ಟೋ ಜನ. ತಲೆಯ ಹಿಂದೆ ಕಟ್ಟುವ ಗವಸಾದರೆ ಈ ಭಯವಿಲ್ಲ. ಟವೆಲು, ಮಂಕಿ ಟೋಪಿ, ಸೆರಗು ಕಿವಿಯ ಮೇಲೆ ಬಿದ್ದರೂ ಶಿಳ್ಳೆ ಬರುತ್ತದೆ. ಬಟ್ಟೆ ಸರಿಸಿದರೆ ನಿಲ್ಲುತ್ತದೆ.

ದೂರವಾಣಿ ಹಿಡಿಯುವ ರೀತಿಯನ್ನು ಯಾರಾದರೂ ತೋರಿಸಿಕೊಡಬೇಕು. ಮೈಕ್ರೊಫೋನಿರುವುದು ಕಿವಿಯ ಮೇಲೆ, ಹಿಂಬದಿಯಲ್ಲಿ. ಫೋನನ್ನು ಎಂದಿನಂತೆ ಕಿವಿಯ ರಂಧ್ರಕ್ಕೆ ಹಿಡಿದರೆ ಮೋಲ್ಡಿಗೆ ಹಿಡಿದಂತಾಗುತ್ತದೆ, ಏನೂ ಕೇಳುವುದಿಲ್ಲ. ಅದನ್ನು ಮೇಲಕ್ಕೆ ಸರಿಸಿ ಯಂತ್ರದ ಬಳಿ, ತುಸು ಅಂತರದಲ್ಲಿ ಓರೆಯಾಗಿ ಹಿಡಿಯಬೇಕು. ಸ್ಪೀಕರ್ ಹಾಕಿಕೊಳ್ಳುವುದು ಇನ್ನೂ ಸರಳ.

ಹೊಂದಿಕೊಳ್ಳುವ ಕಾಲ

ಕನ್ನಡಕ ಹಾಕಿದ ಕ್ಷಣ ಅಕ್ಷರ ಕಾಣುವಂತೆ ಯಂತ್ರ ಹಾಕಿದ ಕ್ಷಣ ಮಾತು ತಿಳಿಯಬೇಕೆಂಬ ನಿರೀಕ್ಷೆಯೇ ತಪ್ಪು. ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮಿದುಳಿಗೆ ಫ್ಯಾನಿನ ಗಾಳಿ, ಪಾತ್ರೆಯ ಸದ್ದು, ತನ್ನದೇ ಹೆಜ್ಜೆಯ ಸಪ್ಪಳ ಎಲ್ಲವೂ ಒಮ್ಮೆಲೇ ನುಗ್ಗುತ್ತವೆ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದನ್ನು ಅದು ಮತ್ತೆ ಕಲಿಯಬೇಕು. ಮೊದಲ ದಿನಗಳಲ್ಲಿ ಮನೆಯ ಶಾಂತ ಕೋಣೆಯಲ್ಲಿ, ಒಬ್ಬರೊಡನೆ ಮಾತನಾಡುತ್ತ, ಒಂದೆರಡು ಗಂಟೆ ಸಾಕು. ಆಮೇಲೆ ಇಬ್ಬರು ಮೂವರ ಮಾತು, ಟಿವಿಯ ವಾರ್ತೆ, ಅಂಗಳ, ರಸ್ತೆ. ಮದುವೆ ಮನೆ ಮತ್ತು ಬಸ್‌ ನಿಲ್ದಾಣ ಕೊನೆಗೆ ಬರಲಿ. ಪತ್ರಿಕೆಯನ್ನು ಗಟ್ಟಿಯಾಗಿ ಓದಿಕೊಂಡರೆ ಬದಲಾದ ಸ್ವಂತ ದನಿ ಬೇಗ ಪರಿಚಯವಾಗುತ್ತದೆ. ಕೆಲವರಿಗೆ ಕೆಲವೇ ವಾರ, ಕೆಲವರಿಗೆ ಮೂರ್ನಾಲ್ಕು ತಿಂಗಳು ಹಿಡಿಯುತ್ತದೆ. ಆಮೇಲೆ ಎಚ್ಚರವಿರುವ ಹೊತ್ತೆಲ್ಲ ಧರಿಸಬೇಕು. ನೆಂಟರು ಬಂದಾಗ ಮಾತ್ರ ಹಾಕಿಕೊಳ್ಳುವವರಿಗೆ ಯಂತ್ರ ಎಂದಿಗೂ ಒಗ್ಗುವುದಿಲ್ಲ.

ಮನೆಯವರೂ ಕಲಿಯಬೇಕಾದ್ದಿದೆ. ಯಂತ್ರ ಚೆನ್ನಾಗಿ ಕೆಲಸ ಮಾಡುವುದು ಒಂದೆರಡು ಮೀಟರಿನೊಳಗೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಅಡುಗೆಮನೆಯಿಂದ ಜಗುಲಿಗೆ ಕೂಗುವ ಬದಲು ಅಜ್ಜಿಯ ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ಎಂದಿನ ದನಿಯಲ್ಲಿ ತುಸು ನಿಧಾನವಾಗಿ ಹೇಳಿದರೆ ಸಾಕು. ಕಿರುಚಿದರೆ ಪದದ ಆಕಾರವೇ ಕೆಡುತ್ತದೆ. ಹೇಳಿದ್ದು ತಿಳಿಯದಿದ್ದಾಗ ಅದನ್ನೇ ಮತ್ತೆ ಮತ್ತೆ ಹೇಳದೆ ಬೇರೆ ಪದಗಳಲ್ಲಿ ಹೇಳಬೇಕು. ‘ಬಿಡಿ, ಏನಿಲ್ಲ’ ಎಂದು ಕೈಬಿಡುವುದು ಕಿವಿ ಮಂದವಾದವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತು.

ಸೆಲ್ಲು

ಹೆಚ್ಚಿನ ಅಗ್ಗದ ಮಾದರಿಗಳು ಸತು-ಗಾಳಿ ಗುಂಡಿ ಸೆಲ್ಲುಗಳಿಂದ ನಡೆಯುತ್ತವೆ. ಗಾತ್ರವನ್ನು ಸಂಖ್ಯೆಯಿಂದಲೂ ಅಂಟುಪಟ್ಟಿಯ ಬಣ್ಣದಿಂದಲೂ ಗುರುತಿಸುತ್ತಾರೆ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಕಿವಿಹಿಂಬದಿಯ ಸಾಧನಗಳಲ್ಲಿ ಸಾಮಾನ್ಯವಾಗಿ ಕಿತ್ತಳೆಯ 13, ತೀವ್ರ ದೋಷದ ಶಕ್ತಿಯುತ ಮಾದರಿಗಳಲ್ಲಿ ನೀಲಿಯ 675. ಸೆಲ್ಲಿನ ಚಪ್ಪಟೆ ಮುಖದಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಗಾಳಿಯ ಆಮ್ಲಜನಕ ಒಳಹೊಕ್ಕು ಸತುವಿನೊಡನೆ ವರ್ತಿಸಿದಾಗಲೇ ವಿದ್ಯುತ್ತು ಹುಟ್ಟುವುದು. ಪಟ್ಟಿ ಕಿತ್ತ ತಕ್ಷಣ ಒಳಗೆ ಹಾಕಿ ಬಾಗಿಲು ಮುಚ್ಚಬಾರದು; ಒಂದೆರಡು ನಿಮಿಷ ಗಾಳಿಗಿಟ್ಟು ಹಾಕಿದರೆ ಪೂರ್ಣ ಬಲ ಬರುತ್ತದೆ. ಒಮ್ಮೆ ಪಟ್ಟಿ ಕಿತ್ತರೆ ಬಳಸದಿದ್ದರೂ ಸೆಲ್ಲು ಕೆಲವೇ ವಾರಗಳಲ್ಲಿ ಬರಿದಾಗುತ್ತದೆ, ಪಟ್ಟಿಯನ್ನು ಮರಳಿ ಅಂಟಿಸಿ ಪ್ರಯೋಜನವಿಲ್ಲ. ರಂಧ್ರಗಳಿರುವ ಚಪ್ಪಟೆ ಮುಖ ಧನ ಧ್ರುವ; ಬಾಗಿಲಿನ ಕೂಡಿಸು ಗುರುತಿಗೆ ಅದು ಸರಿಹೊಂದಬೇಕು. ಬಾಗಿಲು ಸಲೀಸಾಗಿ ಮುಚ್ಚದಿದ್ದರೆ ಸೆಲ್ಲು ತಿರುವುಮುರುವಾಗಿದೆ ಎಂದೇ ಅರ್ಥ, ಒತ್ತಿ ಮುಚ್ಚಿದರೆ ಕೀಲು ಮುರಿಯುತ್ತದೆ.

ದಿನವಿಡೀ ಧರಿಸಿದರೆ 13ರ ಸೆಲ್ಲು ಒಂದೆರಡು ವಾರ ಬರುತ್ತದೆ. ಹತ್ತು ದಿನದ ಲೆಕ್ಕದಲ್ಲಿ ಒಂದು ಕಿವಿಗೆ ವರ್ಷಕ್ಕೆ ಸುಮಾರು 36 ಸೆಲ್ಲು. ಯಂತ್ರ ಉಚಿತವಾಗಿ ಬಂದರೂ ಈ ಖರ್ಚು ಉಳಿದೇ ಇರುತ್ತದೆ. ಹಳ್ಳಿಗಳಲ್ಲಿ ಎಷ್ಟೋ ಯಂತ್ರಗಳು ಮೂಲೆ ಸೇರುವುದು ಮೊದಲ ಪೊಟ್ಟಣದ ಸೆಲ್ಲು ಮುಗಿದು, ಎರಡನೆಯದು ಹತ್ತಿರದ ಅಂಗಡಿಯಲ್ಲಿ ಸಿಗದೆ ಹೋದಾಗ. ಪೇಟೆಗೆ ಹೋದಾಗಲೇ ಎರಡು ಮೂರು ತಿಂಗಳಿಗಾಗುವಷ್ಟು ತಂದಿಡಬೇಕು. ಗಡಿಯಾರದ ಸೆಲ್ಲು ನೋಡಲು ಹೋಲುತ್ತದೆ, ಆದರೆ ಇದಕ್ಕೆ ನಡೆಯದು. ಸೆಲ್ಲುಗಳನ್ನು ಫ್ರಿಜ್ಜಿನಲ್ಲಿಡುವುದು ಬೇಡ, ನಾಣ್ಯಗಳ ಜೊತೆ ಜೇಬಿನಲ್ಲೂ ಬೇಡ. ಚಾರ್ಜ್ ಮಾಡಬಹುದಾದ ಮಾದರಿಗಳು ಈಗ ಕಡಿಮೆ ಬೆಲೆಗೂ ಬರುತ್ತಿವೆ. ಬೆರಳು ಸರಿಯಾಗಿ ಆಡದವರಿಗೆ, ಕಣ್ಣು ಮಂಜಾದವರಿಗೆ ಅವು ದೊಡ್ಡ ಉಪಕಾರ. ಕೊಳ್ಳುವ ಮುನ್ನ ಒಳಗಿನ ಬ್ಯಾಟರಿ ಸವೆದರೆ ಬದಲಿಸಿಕೊಡುತ್ತಾರೆಯೇ ಎಂದು ಕೇಳಬೇಕು.

ಮಕ್ಕಳಿರುವ ಮನೆಯಲ್ಲಿ ಸೆಲ್ಲುಗಳನ್ನು ಬೀಗದ ಒಳಗಿಡಬೇಕು. ನುಂಗಿದ, ಮೂಗಿಗೆ ಅಥವಾ ಕಿವಿಗೆ ತುರುಕಿಕೊಂಡ ಗುಂಡಿ ಸೆಲ್ಲು ಒಳಚರ್ಮವನ್ನು ಸುಡಬಲ್ಲದು. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಕಣ್ಣು ಕಾಣದ ಹಿರಿಯರು ಮಾತ್ರೆಯೆಂದು ಸೆಲ್ಲು ನುಂಗುವ ಅಪಾಯವೂ ಇದೆ. ಮಾತ್ರೆಯ ಡಬ್ಬಿಯ ಪಕ್ಕದಲ್ಲಿ ಸೆಲ್ಲು ಇಡಕೂಡದು.

ತೇವ, ಎಣ್ಣೆ, ಗುಗ್ಗೆ

ಕರಾವಳಿಯ ಬೆವರು, ಮಲೆನಾಡಿನ ಮಳೆಗಾಲ, ಬಯಲುಸೀಮೆಯ ದೂಳು ಮೂರೂ ಈ ಯಂತ್ರಕ್ಕೆ ಶತ್ರುಗಳು, ತೇವ ಎಲ್ಲಕ್ಕಿಂತ ದೊಡ್ಡ ಶತ್ರು. ಕಿವಿಯ ಹಿಂದಿನ ಬೆವರು ಮೈಕ್ರೊಫೋನಿನ ರಂಧ್ರಕ್ಕೂ ಸೆಲ್ಲಿನ ಬಾಗಿಲಿಗೂ ಇಳಿಯುತ್ತದೆ, ಒಳಗಿನ ಲೋಹದ ಸಂಪರ್ಕಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ರಾತ್ರಿ ತೆಗೆದ ಮೇಲೆ ಒಣ ಹತ್ತಿಬಟ್ಟೆಯಿಂದ ಒರೆಸಿ, ಸೆಲ್ಲು ಹೊರತೆಗೆದು, ಬಾಗಿಲು ತೆರೆದೇ ಇಟ್ಟು, ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಸೆಲ್ಲನ್ನು ಡಬ್ಬಿಯ ಹೊರಗೇ ಇಡಬೇಕು, ಒಳಗಿಟ್ಟರೆ ಅದೂ ಒಣಗಿ ಬೇಗ ಸಾಯುತ್ತದೆ. ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆಯದು ಹಸಿರಾದರೆ ತೇವ ಹೀರಿ ತುಂಬಿದೆ ಎಂದು ತಿಳಿದು ಬದಲಿಸಬೇಕು. ಮಳೆಗಾಲದಲ್ಲಿ ಈ ಡಬ್ಬಿಯೊಂದೇ ಯಂತ್ರದ ಆಯುಷ್ಯವನ್ನು ವರ್ಷಗಳಷ್ಟು ಹೆಚ್ಚಿಸಬಲ್ಲದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ರೂಢಿ ಬೇಡ, ಅಕ್ಕಿಯ ಹಿಟ್ಟು ರಂಧ್ರಗಳನ್ನು ಮುಚ್ಚುತ್ತದೆ.

ಎಣ್ಣೆಸ್ನಾನದ ದಿನ ಯಂತ್ರ ಕಿವಿಯಿಂದ ದೂರವಿರಲಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನಿಂದ ಇಳಿದು ರಂಧ್ರಗಳಲ್ಲಿ ಸೇರಿಕೊಂಡು ದೂಳನ್ನು ಹಿಡಿದಿಡುತ್ತದೆ. ಪೌಡರು, ಸೆಂಟು, ಹೇರ್ ಡೈ ಎಲ್ಲ ಮುಗಿದು ಕೂದಲು ಒಣಗಿದ ಮೇಲೆ ಯಂತ್ರ ಧರಿಸಬೇಕು. ಕಿವಿಗೆ ಬಿಸಿ ಎಣ್ಣೆ ಬಿಡುವ ಹಳೆಯ ಅಭ್ಯಾಸವನ್ನು ಪೂರ್ತಿ ಬಿಡುವುದೇ ಕ್ಷೇಮ. ಸ್ನಾನ, ಈಜು, ಎಕ್ಸ್‌ರೇ, ಎಂಆರ್‌ಐ ಇವಕ್ಕೆ ಮೊದಲು ಯಂತ್ರ ಕಳಚಲೇಬೇಕು.

ಮೋಲ್ಡನ್ನು ಮಾತ್ರ ತೊಳೆಯಬಹುದು, ಯಂತ್ರವನ್ನು ಎಂದೂ ತೊಳೆಯಕೂಡದು. ಕೊಳವೆಯನ್ನು ಕೊಕ್ಕೆಯ ಬುಡದಿಂದ ಬಿಡಿಸಿ, ಮೋಲ್ಡನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ರಂಧ್ರದಲ್ಲಿ ಕೂತ ಗುಗ್ಗೆಯನ್ನು ಜೊತೆಗೆ ಬರುವ ತಂತಿಯ ಕುಣಿಕೆಯಿಂದ ತೆಗೆಯಬೇಕು. ರಬ್ಬರಿನ ಊದುಬುರುಡೆಯಿಂದ ಕೊಳವೆಯೊಳಗಿನ ನೀರ ಹನಿಗಳನ್ನು ಹೊರಹಾಕಿ ರಾತ್ರಿಯಿಡೀ ಒಣಗಲು ಬಿಡಬೇಕು; ಒಂದು ಹನಿ ಉಳಿದರೂ ಶಬ್ದದ ದಾರಿ ಮುಚ್ಚುತ್ತದೆ. ಮತ್ತೆ ಜೋಡಿಸುವಾಗ ಎಡಬಲ ಅದಲುಬದಲಾಗಬಾರದು. ಸ್ಪಿರಿಟು, ಸ್ಯಾನಿಟೈಸರು, ಬಿಸಿನೀರು ತಾಗಿದರೆ ಮೋಲ್ಡ್ ಬಿರುಕುಬಿಡುತ್ತದೆ. ಸೂಜಿ, ಹೇರ್‌ಪಿನ್ನು, ಊದಿನಕಡ್ಡಿಯಿಂದ ರಂಧ್ರ ಕೆದಕುವುದೂ ಬೇಡ. ಕೊಳವೆ ಮೂರರಿಂದ ಆರು ತಿಂಗಳಲ್ಲಿ ಹಳದಿಯಾಗಿ ಗಟ್ಟಿಯಾಗುತ್ತದೆ, ಕುಗ್ಗಿ ಮೋಲ್ಡನ್ನು ಎಳೆಯುತ್ತದೆ. ಅಲ್ಪ ಖರ್ಚಿನಲ್ಲಿ ಬದಲಿಸಿಕೊಂಡರೆ ಯಂತ್ರ ಹೊಸದರಂತಾಗುತ್ತದೆ.

ನೀರಿಗೆ ಬಿದ್ದ ಯಂತ್ರವನ್ನು ಬಿಸಿಲಿಗೆ, ಒಲೆಯ ಬಳಿ ಅಥವಾ ಹೇರ್ ಡ್ರೈಯರಿನ ಗಾಳಿಗೆ ಇಡಬಾರದು. ಸೆಲ್ಲು ತೆಗೆದು, ಒರೆಸಿ, ಸಿಲಿಕಾ ಡಬ್ಬಿಯಲ್ಲಿ ಒಂದೆರಡು ದಿನ ಬಿಟ್ಟು, ಆಮೇಲೆ ಪರೀಕ್ಷೆಗೆ ಒಯ್ಯಬೇಕು.

ಸದ್ದು ನಿಂತಾಗ

ಯಂತ್ರ ಮೂಕವಾದರೆ ಹೊಸ ಸೆಲ್ಲು ಹಾಕಿ ನೋಡುವುದು ಮೊದಲ ಕೆಲಸ. ಬಳಿಕ ಮೋಲ್ಡನ್ನು ಕೊಕ್ಕೆಯಿಂದ ಬಿಡಿಸಿ, ಶಬ್ದ ಏರಿಸಿ, ಯಂತ್ರವನ್ನು ಅಂಗೈಯಲ್ಲಿ ಮುಚ್ಚಿಹಿಡಿಯಬೇಕು. ಕುಯ್ ಎಂದರೆ ಯಂತ್ರ ಸರಿಯಿದೆ, ದೋಷ ಮೋಲ್ಡ್ ಅಥವಾ ಕೊಳವೆಯಲ್ಲಿ. ಗುಗ್ಗೆ, ನೀರ ಹನಿ ಇಲ್ಲವೇ ಮಡಿಕೆ ಇರುತ್ತದೆ. ಏನೂ ಸದ್ದಿಲ್ಲದಿದ್ದರೆ ಸೆಲ್ಲಿನ ಸಂಪರ್ಕ ಅಥವಾ ಒಳಭಾಗ ಕೆಟ್ಟಿದೆ. ಶಿಳ್ಳೆ ತಡೆಯುವ ತಂತ್ರವಿರುವ ಮಾದರಿಗಳಲ್ಲಿ ಈ ಪರೀಕ್ಷೆ ಅಷ್ಟು ಖಚಿತವಲ್ಲ. ದನಿ ಬಿಟ್ಟುಬಿಟ್ಟು ಬಂದರೆ ತೇವವನ್ನು, ಸದಾ ಶಿಳ್ಳೆಯಿದ್ದರೆ ಮೋಲ್ಡ್ ಸಡಿಲವಾದುದನ್ನು, ಕೊಳವೆ ಸೀಳಿದುದನ್ನು, ಕಿವಿಯಲ್ಲೇ ಗುಗ್ಗೆ ತುಂಬಿದುದನ್ನು ಸಂಶಯಿಸಬೇಕು. ಮನೆಯಲ್ಲಿ ಯಂತ್ರದ ಕವಚ ಬಿಚ್ಚಿದರೆ ಖಾತರಿ ಹೋಗುತ್ತದೆ.

ಮಕ್ಕಳ ಕಿವಿ

ಹುಟ್ಟಿದ ಮಗುವಿನ ಶ್ರವಣವನ್ನು ಒಂದು ತಿಂಗಳೊಳಗೆ ತಪಾಸಣೆ ಮಾಡಿ, ಮೂರು ತಿಂಗಳೊಳಗೆ ದೋಷ ಖಚಿತಪಡಿಸಿ, ಆರು ತಿಂಗಳೊಳಗೆ ನೆರವು ಆರಂಭಿಸಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಗುರಿ. ಮಾತು ಕಲಿಯುವ ವರ್ಷಗಳು ಕಾಯುವುದಿಲ್ಲ. ಎಳೆಯ ಕಿವಿ ಬೇಗ ಬೆಳೆಯುವುದರಿಂದ ಕೆಲವೇ ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕು. ಯಂತ್ರಕ್ಕೆ ಅಂಗಿಗೆ ಸಿಕ್ಕಿಸುವ ದಾರವೂ ಮಗುವಿಗೆ ಬಿಚ್ಚಲಾಗದ ಸೆಲ್ಲಿನ ಬಾಗಿಲೂ ಇರಲಿ. ಕೆನಡಾದಲ್ಲಿ ಕೆಲಸ ಮಾಡಿದ ಶಿಕ್ಷಣತಜ್ಞ ಡೇನಿಯಲ್ ಲಿಂಗ್ ಹೆಸರಿನ ಆರು ಧ್ವನಿಗಳ ಪರೀಕ್ಷೆಯನ್ನು ತಾಯಂದಿರು ದಿನಾ ಬೆಳಿಗ್ಗೆ ಮಾಡಬಹುದು: ಬಾಯಿ ಮರೆಮಾಡಿ ಆ, ಊ, ಈ, ಮ್, ಶ್, ಸ್ ಎನ್ನುವುದು. ಯಾವುದಕ್ಕೆ ಮಗು ತಿರುಗಲಿಲ್ಲವೋ ಆ ಆವರ್ತದಲ್ಲಿ ಏನೋ ಕೊರತೆಯಿದೆ. ನಿನ್ನೆ ಆರಕ್ಕೂ ತಿರುಗಿದ ಮಗು ಇಂದು ತಿರುಗದಿದ್ದರೆ ಮೊದಲು ಸೆಲ್ಲು, ಕೊಳವೆ ನೋಡಬೇಕು.

ನೆರವು ದೊರೆಯುವ ಕಡೆ

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಮುಂಚೂಣಿಯದು. ಪರೀಕ್ಷೆ, ಸಾಧನದ ಹೊಂದಾಣಿಕೆ, ಮೋಲ್ಡ್ ತಯಾರಿ, ಮಾತಿನ ತರಬೇತಿ ಎಲ್ಲವೂ ಅಲ್ಲಿ ಒಂದೇ ಆವರಣದಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಗಳಲ್ಲೂ ಪರೀಕ್ಷಾ ಸೌಲಭ್ಯವಿದೆ. ಕೇಂದ್ರ ಸರ್ಕಾರ 1981ರಿಂದ ನಡೆಸುತ್ತಿರುವ ಎಡಿಐಪಿ ಯೋಜನೆಯಲ್ಲಿ ವರಮಾನದ ಮಿತಿಯೊಳಗಿನವರಿಗೆ ಕಿವಿಹಿಂಬದಿಯ ಸಾಧನ ದೊರೆಯುತ್ತದೆ. 1972ರಲ್ಲಿ ಕಾನ್ಪುರದಲ್ಲಿ ಸ್ಥಾಪಿತವಾದ ಅಲಿಮ್ಕೋ ಸಂಸ್ಥೆ ಇದನ್ನು ಶಿಬಿರಗಳ ಮೂಲಕ ಹಂಚುತ್ತದೆ. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆ 60 ದಾಟಿದ ಬಡವರಿಗಾಗಿ. ಶ್ರವಣ ಸಾಧನದ ಮೇಲೆ ಜಿಎಸ್‌ಟಿ ಇಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ದೋಷವಿದ್ದರೆ ಮಂದಶ್ರವಣವೆಂದೂ, 70 ಮತ್ತು ಮೇಲ್ಪಟ್ಟರೆ ಕಿವುಡುತನವೆಂದೂ ಗುರುತಿಸುತ್ತದೆ. 50ರಲ್ಲಿರುವವರು ಈ ಗೆರೆಯ ಹೊರಗುಳಿಯುತ್ತಾರೆ. ಯಂತ್ರದಿಂದ ಹೆಚ್ಚು ಫಲ ಪಡೆಯಬಲ್ಲವರು ಅವರೇ ಎಂಬುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಶಿಬಿರದಲ್ಲಿ ಯಂತ್ರ ಪಡೆದವರು ಆಡಿಯೋಗ್ರಾಂ ಹಿಡಿದು ಜಿಲ್ಲಾಸ್ಪತ್ರೆಗೋ ಮೈಸೂರಿಗೋ ಹೋಗಿ ಒಮ್ಮೆ ಸರಿಯಾಗಿ ಹೊಂದಿಸಿಕೊಂಡು, ಅಳತೆಯ ಮೋಲ್ಡ್ ಮಾಡಿಸಿಕೊಳ್ಳುವುದು ಅಗತ್ಯ.

ಚೆನ್ನಾಗಿ ನೋಡಿಕೊಂಡ ಯಂತ್ರ ಐದು ವರ್ಷದ ಆಸುಪಾಸು ಬಾಳುತ್ತದೆ. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ ಪ್ರೋಗ್ರಾಂ ತಿದ್ದಿಸಬೇಕು. ತೀರಿಕೊಂಡ ಹಿರಿಯರ ಯಂತ್ರವನ್ನು ಮತ್ತೊಬ್ಬರಿಗೆ ಕೊಡುವುದು ಒಳ್ಳೆಯದೇ, ಆದರೆ ನೇರವಾಗಿ ಅವರ ಕಿವಿಗೆ ಹಾಕಬಾರದು. ಹಳೆಯ ಮೋಲ್ಡ್ ಮತ್ತು ಕೊಳವೆ ತೆಗೆದುಹಾಕಿ, ಯಂತ್ರವನ್ನು ಶ್ರವಣತಜ್ಞರಿಂದ ಪರೀಕ್ಷೆ ಮಾಡಿಸಿ, ಹೊಸ ಆಡಿಯೋಗ್ರಾಂಗೆ ಪ್ರೋಗ್ರಾಂ ಮಾಡಿಸಿ, ಹೊಸ ಮೋಲ್ಡಿನೊಂದಿಗೆ ಕೊಡಬೇಕು.